ಮದ್ದಿಗೆ ಮಣಿಯದ ಕೋಶಗಳು

ಪ್ಲಾಟಿನಮ್ ಎಂದೊಡನೆ ಒಡವೆ ಅಂಗಡಿಯ ನೆನಪಾಗುತ್ತದೆ. ಅದೇ ಲೋಹ ಆಸ್ಪತ್ರೆಯ ಬಾಟಲಿಯಿಂದ ಹನಿಹನಿಯಾಗಿ ಇಳಿದು ರೋಗಿಯ ರಕ್ತ ಸೇರುತ್ತದೆಂದರೆ ಅನೇಕರು ನಂಬಲಾರರು. ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಿ ಸಿಸ್ಪ್ಲಾಟಿನ್. ಅದರ ಅಣುವಿನ ನಡುವೆ ಇರುವುದು ಒಂದು ಪ್ಲಾಟಿನಮ್ ಪರಮಾಣು. ಈ ಔಷಧಿ ಕೆಲವರಲ್ಲಿ ಗಂತಿಯನ್ನು ಕರಗಿಸುತ್ತದೆ. ಮತ್ತೆ ಕೆಲವರಲ್ಲಿ ಸೋಲುತ್ತದೆ. ಒಂದೇ ರೋಗ, ಒಂದೇ ಮದ್ದು. ಫಲ ಮಾತ್ರ ಬೇರೆ. ಏಕೆ ಹೀಗೆ? ಅದನ್ನು ಮೊದಲೇ ತಿಳಿಯಲು ಸಾಧ್ಯವೇ?

ಈ ಔಷಧಿ ದೊರೆತದ್ದೇ ಒಂದು ಆಕಸ್ಮಿಕ. 1965ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ವಿದ್ಯುತ್ತಿನಿಂದ ಬ್ಯಾಕ್ಟೀರಿಯಗಳ ಮೇಲೆ ಆಗುವ ಪರಿಣಾಮವನ್ನು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಗಳು ಸಾಯಲಿಲ್ಲ, ಆದರೆ ಎರಡಾಗಿ ಒಡೆಯುವುದನ್ನು ಬಿಟ್ಟು ದಾರದಂತೆ ಉದ್ದವಾಗಿ ಬೆಳೆದವು. ಕಾರಣ ವಿದ್ಯುತ್ತಲ್ಲ. ಪ್ಲಾಟಿನಮ್ ವಿದ್ಯುದಗ್ರಗಳು ತುಸುವೇ ಕರಗಿ ಉಂಟಾದ ಸಂಯುಕ್ತಗಳೇ ಕೋಶ ವಿಭಜನೆಯನ್ನು ತಡೆದಿದ್ದವು. ಎಗ್ಗಿಲ್ಲದೆ ಒಡೆಯುತ್ತ ಹೋಗುವುದೇ ಕ್ಯಾನ್ಸರಿನ ಲಕ್ಷಣ. ಹಾಗಾದರೆ ಅದನ್ನೂ ಇವು ತಡೆಯಬಹುದಲ್ಲವೇ? ಇಲಿಗಳಲ್ಲಿ ಗಂತಿ ಕರಗಿತು. 1978ರಲ್ಲಿ ಅಮೆರಿಕ ಸರ್ಕಾರ ಸಿಸ್ಪ್ಲಾಟಿನ್‌ಗೆ ಔಷಧಿಯೆಂದು ಮನ್ನಣೆ ನೀಡಿತು.

ಅದರ ಕೆಲಸ ರಸಾಯನಶಾಸ್ತ್ರದ ಪಾಠದಷ್ಟೇ ಸರಳ. ಅಣುವಿನಲ್ಲಿ ಪ್ಲಾಟಿನಮ್ ಜೊತೆಗೆ ಎರಡು ಕ್ಲೋರಿನ್, ಎರಡು ಅಮೋನಿಯ ಇವೆ. ರಕ್ತದಲ್ಲಿ ಕ್ಲೋರೈಡ್ ಹೇರಳ. ಅಲ್ಲಿ ಅಣು ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ. ಜೀವಕೋಶದೊಳಗೆ ಕ್ಲೋರೈಡ್ ಕಡಿಮೆ; ಅಲ್ಲಿ ಕ್ಲೋರಿನ್ ಕಳಚಿ ಆ ಜಾಗಕ್ಕೆ ನೀರು ಬರುತ್ತದೆ. ಹೀಗೆ ಚುರುಕಾದ ಪ್ಲಾಟಿನಮ್, ಡಿಎನ್‌ಎ ಎಳೆಯ ಗ್ವಾನಿನ್‌ಗಳಿಗೆ ಅಂಟಿಕೊಂಡು ಗಂಟು ಹಾಕುತ್ತದೆ. ಗಂಟು ಬಿದ್ದ ಎಳೆಯ ಪ್ರತಿ ತೆಗೆಯಲು ಕೋಶಕ್ಕೆ ಆಗದು. ಕೊನೆಗೆ ಅದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ.

ಕೋಶಗಳ ತಂತ್ರಗಳು

ಕ್ಯಾನ್ಸರ್ ಕೋಶಗಳು ಸುಮ್ಮನೆ ಕೂರುವುದಿಲ್ಲ. ಕೆಲವು ಕೋಶಗಳು ಮದ್ದನ್ನು ಒಳಕ್ಕೇ ಬಿಟ್ಟುಕೊಳ್ಳುವುದಿಲ್ಲ. ಕೆಲವು ಒಳಬಂದದ್ದನ್ನು ಹೊರದಬ್ಬುತ್ತವೆ. ಗ್ಲುಟಾಥಯೋನ್ ಎಂಬ ಗಂಧಕಯುಕ್ತ ವಸ್ತುವನ್ನು ಹೆಚ್ಚಾಗಿ ತಯಾರಿಸಿ ಪ್ಲಾಟಿನಮನ್ನು ದಾರಿಯಲ್ಲೇ ಹಿಡಿದುಹಾಕುವುದು ಮತ್ತೊಂದು ಉಪಾಯ. ಗಂಟು ಬಿದ್ದ ಡಿಎನ್‌ಎಯನ್ನು ಕತ್ತರಿಸಿ ರಿಪೇರಿ ಮಾಡಿಕೊಳ್ಳುವ ಕೋಶಗಳೂ ಉಂಟು. ಇನ್ನು ಕೆಲವದರಲ್ಲಿ ‘ಸಾಯಿ’ ಎಂದು ಆಜ್ಞೆ ಕೊಡಬೇಕಾದ ಪಿ53 ಎಂಬ ವಂಶವಾಹಿಯೇ ಕೆಟ್ಟಿರುತ್ತದೆ. ತಂಬಾಕಿನಿಂದ ಬಂದ ಕ್ಯಾನ್ಸರುಗಳಲ್ಲಿ ಇದು ಬಹು ಸಾಮಾನ್ಯ.

ಕೋಶಗಳು ಇದನ್ನೆಲ್ಲ ಯೋಚಿಸಿ ಮಾಡುತ್ತವೆಯೇ? ಇಲ್ಲ. ಹೊಲಕ್ಕೆ ಪ್ರತಿವರ್ಷ ಒಂದೇ ಕಳೆನಾಶಕ ಹೊಡೆದರೆ ಏನಾಗುತ್ತದೆಂದು ರೈತರಿಗೆ ಗೊತ್ತು. ತಡೆಯಬಲ್ಲ ನಾಲ್ಕು ಗಿಡ ಉಳಿದು, ಅವುಗಳ ಬೀಜವೇ ಹೊಲವೆಲ್ಲ ಹರಡುತ್ತದೆ. ಗಂತಿಯಲ್ಲೂ ಹಾಗೆಯೇ. ಕೋಟಿಗಟ್ಟಲೆ ಕೋಶಗಳಲ್ಲಿ ಕೆಲವು ಮೊದಲೇ ಬೇರೆಯಾಗಿರುತ್ತವೆ. ಉಳಿದವು ಸತ್ತಾಗ ಅವಕ್ಕೆ ಜಾಗ ಸಿಗುತ್ತದೆ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಇಲ್ಲಿ ಮನುಷ್ಯನ ಗಂಟಲಲ್ಲೇ ನಡೆಯುತ್ತದೆ.

ಗುರುತು ಹಿಡಿಯುವ ಬಗೆ

ಗಂತಿಯ ಇರವನ್ನೋ ಸ್ವಭಾವವನ್ನೋ ಹೊರಗೆಡಹುವ ವಸ್ತುವಿಗೆ ‘ಟ್ಯೂಮರ್ ಮಾರ್ಕರ್’ ಎಂದು ಹೆಸರು. 1840ರ ದಶಕದಲ್ಲಿ ಇಂಗ್ಲೆಂಡಿನ ಹೆನ್ರಿ ಬೆನ್ಸ್ ಜೋನ್ಸ್, ಮೂಳೆ ಮೆತ್ತಗಾದ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರ ಪ್ರೋಟೀನೊಂದನ್ನು ಕಂಡ. ಇಂಥ ಗುರುತುಗಳಲ್ಲಿ ಮೊದಲನೆಯದು ಅದು. ಆದರೆ ಬಾಯಿಯ ಕ್ಯಾನ್ಸರನ್ನು ನೆಚ್ಚಿ ಹೇಳಬಲ್ಲ ರಕ್ತಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ. ಗಂತಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ಗತಿ.

ಗಂಟಲಿನ ಒಂದು ಬಗೆಯ ಕ್ಯಾನ್ಸರಿಗೆ ಮಾತ್ರ ಒಳ್ಳೆಯ ಗುರುತು ಸಿಕ್ಕಿದೆ. ಎಚ್‌ಪಿವಿ ಎಂಬ ವೈರಸ್ಸಿನಿಂದ ಬಂದ ಗಂತಿಯಲ್ಲಿ ಪಿ16 ಎಂಬ ಪ್ರೋಟೀನ್ ತುಂಬಿರುತ್ತದೆ. ಇಂಥ ಗಂತಿ ಚಿಕಿತ್ಸೆಗೆ ಬೇಗ ಮಣಿಯುತ್ತದೆ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳೆಲ್ಲರಿಗೂ ವಿಕಿರಣದ ಜೊತೆ ಸಿಸ್ಪ್ಲಾಟಿನ್ ಕೊಡಲಾಗಿತ್ತು. ಮೂರು ವರ್ಷದ ನಂತರ ವೈರಸ್ ಇದ್ದವರಲ್ಲಿ ನೂರಕ್ಕೆ 82 ಮಂದಿ, ಇಲ್ಲದವರಲ್ಲಿ 57 ಮಂದಿ ಬದುಕಿದ್ದರು.

ಭಾರತದ ಕಥೆ ಬೇರೆ. ಇಲ್ಲಿ ಕೆನ್ನೆಯ ಒಳಗೋಡೆ, ವಸಡು, ನಾಲಿಗೆಗಳಿಗೆ ಬರುವ ಕ್ಯಾನ್ಸರಿಗೆ ಮುಖ್ಯ ಕಾರಣ ವೈರಸ್ಸಲ್ಲ. ಹೊಗೆಸೊಪ್ಪು, ಬೀಡಿ, ಗುಟ್ಕಾ. ತಂಬಾಕು ಬೆರೆಸದ ಅಡಿಕೆ ಜಗಿಯುವುದೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆದು ಬದುಕುವ ಮಲೆನಾಡಿಗೆ ಇದು ಕಹಿ ಸುದ್ದಿ. ಆದರೂ ಸುದ್ದಿ ಸುಳ್ಳಲ್ಲ.

ಹಾಗೆಂದು ವೈದ್ಯರು ಕೈಚೆಲ್ಲಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಗುಣವಾಗುವ ಹಂತ ದಾಟಿದ ರೋಗಿಗಳಿಗೆ ಅಗ್ಗದ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಎಂಬ ದುಬಾರಿ ಔಷಧಿಯನ್ನು ವಾಡಿಕೆಯ ಪ್ರಮಾಣದ ಹತ್ತರಲ್ಲಿ ಒಂದಂಶಕ್ಕಿಂತ ಕಡಿಮೆ ಕೊಟ್ಟು ನೋಡಿದರು. ಅದು ಕ್ಯಾನ್ಸರ್ ಕೋಶವನ್ನು ನೇರ ಹೊಡೆಯುವುದಿಲ್ಲ; ದೇಹದ ಸ್ವಂತ ರಕ್ಷಣಾ ಪಡೆಗೆ ಬಿದ್ದ ತಡೆಯನ್ನು ತೆಗೆಯುತ್ತದೆ. ಮಾತ್ರೆ ಮಾತ್ರ ಪಡೆದವರಲ್ಲಿ ಒಂದು ವರ್ಷ ಬದುಕಿದವರು ನೂರಕ್ಕೆ 16. ಇದನ್ನೂ ಪಡೆದವರಲ್ಲಿ 43. ಈ ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಬಾಯಿಯ ಕ್ಯಾನ್ಸರಿನ ಮಟ್ಟಿಗೆ ಒಂದು ಅನುಕೂಲವಿದೆ. ಹೊಟ್ಟೆಯೊಳಗಿನ ಗಂತಿ ಕಣ್ಣಿಗೆ ಬೀಳದು. ಇದು ಕನ್ನಡಿಯಲ್ಲೇ ಕಾಣುತ್ತದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಇಳಿಯದ ದನಿಯೊಡಕು, ಕತ್ತಿನಲ್ಲಿ ಗಂಟು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮೂರು ಬೆರಳು ನಿಲ್ಲಿಸಿ ಇಡುವಷ್ಟು ಬಾಯಿ ತೆರೆಯದಿದ್ದರೂ ಅಷ್ಟೇ. ಚಿಕ್ಕದಿರುವಾಗಲೇ ಪತ್ತೆಯಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೊಂದೇ ಸಾಕು. ಸಿಸ್ಪ್ಲಾಟಿನ್ ಬೇಕಾಗುವುದೇ ಇಲ್ಲ. ಕೋಶ ಅದಕ್ಕೆ ಮಣಿಯುವುದೋ ಇಲ್ಲವೋ ಎಂಬ ಪ್ರಶ್ನೆಯೂ ಏಳುವುದಿಲ್ಲ.

ಊಟವಾದ ಮೇಲೆ ಎಲೆಅಡಿಕೆ ತಟ್ಟೆ ಎಳೆದುಕೊಳ್ಳುವ ಅಜ್ಜನಿಗೆ, ಅಂಗಡಿ ಮುಂದೆ ಪೊಟ್ಟಣ ಹರಿಯುವ ಅಣ್ಣನಿಗೆ ‘ಒಮ್ಮೆ ಬಾಯಿ ತೆರೆಯಿರಿ, ನೋಡೋಣ’ ಎಂದು ಹೇಳಲು ಪ್ರಯೋಗಾಲಯ ಬೇಡ. ಒಂದು ಟಾರ್ಚು, ಸ್ವಲ್ಪ ಧೈರ್ಯ ಇದ್ದರೆ ಹೈಸ್ಕೂಲು ಹುಡುಗಿಯೂ ಹೇಳಬಹುದು.