ಹಸಿರು ಬಾನಿಗೂ ಬೇಲಿ

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಫುಡ್ ಪಾರ್ಕ್ ಉದ್ಘಾಟನೆಯಾದಾಗ ಊರಿನ ಹೆಸರು ದೇಶಕ್ಕೆಲ್ಲ ಕೇಳಿಸಿತು. ಆಮೇಲೆ ಮೆಷಿನ್ ಟೂಲ್ ಪಾರ್ಕ್, ಕೈಗಾರಿಕಾ ಟೌನ್‌ಷಿಪ್ ಎಂದು ಒಂದೊಂದೇ ಯೋಜನೆ ಸೇರಿಕೊಂಡವು. ಹೀಗಾಗಿ ನೆಲದ ವಿಚಾರಕ್ಕೆ ಬಂದರೆ ಈ ಸೀಮೆಯಲ್ಲಿ ದಡ್ಡರು ಯಾರೂ ಇಲ್ಲ. ಸರ್ವೆ ನಂಬರು, ಪಹಣಿ, ಪೋಡಿ, ಖರಾಬು, ನೋಟಿಫಿಕೇಷನ್, ಪರಿಹಾರ ಎಲ್ಲವೂ ಬಾಯಿಪಾಠ. ತಮ್ಮ ಜಮೀನು ಎಲ್ಲಿ ಮುಗಿದು ಪಕ್ಕದವರದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕತ್ತಲಲ್ಲೂ ಕಾಲಿಟ್ಟು ತೋರಿಸಬಲ್ಲರು.

ಆದರೆ ಆ ಜಮೀನಿನ ಮೇಲಿನ ಆಕಾಶಕ್ಕೂ ಒಂದು ನಕ್ಷೆ ಇದೆ, ಅದರಲ್ಲೂ ಗಡಿ ಗೆರೆಗಳಿವೆ, ಒತ್ತುವರಿ ಮಾಡಿದರೆ ದಂಡವಿದೆ ಎಂದರೆ ಹೆಚ್ಚಿನವರು ನಕ್ಕುಬಿಡುತ್ತಾರೆ.

ನಗಲಾರದವರು ಕೆಲವರಿದ್ದಾರೆ. ಮದುವೆ, ಗೃಹಪ್ರವೇಶ, ಊರ ಜಾತ್ರೆಗಳಲ್ಲಿ ‘ಹೆಲಿಕ್ಯಾಮ್’ ಹಾರಿಸಿ ಹೊಟ್ಟೆ ಹೊರೆಯುವ ಹುಡುಗರು ಅವರಲ್ಲಿ ಮೊದಲಿಗರು. ಡ್ರೋನ್ ಎಂಬ ಹೆಸರು ಬಾಯಿಗೆ ಹತ್ತುವ ಮೊದಲೇ ನಮ್ಮ ಫೋಟೋ ಸ್ಟುಡಿಯೋಗಳು ಈ ಯಂತ್ರಕ್ಕೆ ಇಟ್ಟ ಹೆಸರು ಅದು. ಈಗ ಹೊಲಕ್ಕೆ ಔಷಧಿ ಹೊಡೆಯುವವರು, ಜಮೀನು ಅಳೆಯುವವರು, ಕಾರ್ಖಾನೆ ಕಟ್ಟಡದ ಪ್ರಗತಿಯನ್ನು ಮೇಲಿನಿಂದ ಚಿತ್ರ ತೆಗೆದು ಕಳಿಸುವವರು ಎಲ್ಲರ ಕೈಗೂ ಅದು ಬಂದಿದೆ. ಸಾಲ ಮಾಡಿ ಕೊಂಡ ಯಂತ್ರವನ್ನು ಒಂದು ಮಧ್ಯಾಹ್ನ ಪೊಲೀಸರು ವಶಕ್ಕೆ ತೆಗೆದುಕೊಂಡರೆ ಆ ತಿಂಗಳ ಕಂತಿನ ಗತಿಯೇನು? ಇದು ಒಂದು ಕಡೆಯ ಚಿಂತೆ. ಅದೇ ಆಕಾಶದಲ್ಲಿ ಮನುಷ್ಯರನ್ನು ಹೊತ್ತ ಹೆಲಿಕಾಪ್ಟರ್ ಬಂದರೆ ಏನು ಎಂಬುದು ಇನ್ನೊಂದು ಕಡೆಯದು. ಎರಡನೆಯದು ಹೆಚ್ಚು ದೊಡ್ಡದು.

ಪಿಜ್ಜಾದಿಂದ ಶುರು

ಕಾನೂನಿನ ಕಣ್ಣಿಗೆ ಹಾರುವ ವಸ್ತುಗಳೆಲ್ಲ ಬಹಳ ಹಿಂದೆಯೇ ಬಿದ್ದಿವೆ. 1934ರ ವಿಮಾನ ಕಾಯಿದೆ ವಿಮಾನ ಎಂದರೇನೆಂದು ಹೇಳುವಾಗ ಬಲೂನು, ಗ್ಲೈಡರ್‌ಗಳ ಜೊತೆ ಗಾಳಿಪಟವನ್ನೂ ಸೇರಿಸಿತ್ತು! ಆಷಾಢದ ಗಾಳಿಗೆ ಪಟ ಬಿಟ್ಟವರೆಲ್ಲ ಕಾಯಿದೆಯ ಪ್ರಕಾರ ವಿಮಾನ ಹಾರಿಸಿದವರೇ. ಆ ಕಾಯಿದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದದ್ದು 2025ರ ಜನವರಿ 1ರಿಂದ.

ಡ್ರೋನ್ ವಿಷಯದಲ್ಲಿ ಸರ್ಕಾರ ಕಣ್ಣು ಕೆಂಪಗೆ ಮಾಡಿದ್ದು 2014ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಮುಂಬೈಯ ಪಿಜ್ಜಾ ಅಂಗಡಿಯೊಂದು ಬಹುಮಹಡಿ ಕಟ್ಟಡಕ್ಕೆ ಡ್ರೋನ್ ಮೂಲಕ ಪಿಜ್ಜಾ ತಲುಪಿಸಿ ಸುದ್ದಿ ಮಾಡಿತು. ಪೊಲೀಸರು ವಿವರಣೆ ಕೇಳಿದರು. ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರಕಟಣೆ ಹೊರಡಿಸಿ, ನಿಯಮಗಳು ಬರುವವರೆಗೆ ಯಾರೂ ಹಾರಿಸಕೂಡದು ಎಂದಿತು. ನಿಯಮಗಳು ಜಾರಿಗೆ ಬಂದದ್ದು ನಾಲ್ಕು ವರ್ಷ ಕಳೆದು, 2018ರ ಡಿಸೆಂಬರ್ 1ರಂದು. ಆ ನಾಲ್ಕು ವರ್ಷ ನಮ್ಮ ಕಲ್ಯಾಣ ಮಂಟಪಗಳ ಮೇಲೆ ಹೆಲಿಕ್ಯಾಮ್ ಹಾರದೆ ಉಳಿಯಿತೇ ಎಂದು ಕೇಳಬಾರದು.

2021ರ ಮಾರ್ಚ್‌ನಲ್ಲಿ ಮತ್ತೊಂದು ನಿಯಮಾವಳಿ ಬಂತು. ಅದರಲ್ಲಿ ತುಂಬಬೇಕಾದ ಫಾರಂಗಳೇ ಇಪ್ಪತ್ತೈದು. ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿತ್ತು. ಇನ್ನು ಮುಗಿಯಿತು, ಬಿಗಿ ಇನ್ನಷ್ಟು ಬಿಗಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಆದದ್ದು ತದ್ವಿರುದ್ಧ. ಅದೇ ಆಗಸ್ಟ್‌ನಲ್ಲಿ ಹೊರಬಂದ ‘ಡ್ರೋನ್ ನಿಯಮಗಳು, 2021’ ಫಾರಂಗಳನ್ನು ಐದಕ್ಕೆ ಇಳಿಸಿತು, ಶುಲ್ಕವನ್ನು ನೂರು ರೂಪಾಯಿಯ ಮಟ್ಟಕ್ಕೆ ತಂದಿತು, ಗರಿಷ್ಠ ದಂಡವನ್ನು ಒಂದು ಲಕ್ಷ ರೂಪಾಯಿಗೆ ನಿಲ್ಲಿಸಿತು. ಸೆಪ್ಟೆಂಬರ್ 24ರಂದು ಇಡೀ ದೇಶದ ಆಕಾಶಕ್ಕೆ ಬಣ್ಣ ಬಳಿದ ನಕ್ಷೆ ಪ್ರಕಟವಾಯಿತು.

ಮೂರು ಬಣ್ಣ

ದೊಡ್ಡ ವಿಮಾನಗಳ ಲೋಕದಲ್ಲಿ ಆಕಾಶವನ್ನು ಅಂತರರಾಷ್ಟ್ರೀಯವಾಗಿ ‘ಎ’ಯಿಂದ ‘ಜಿ’ವರೆಗೆ ಏಳು ವರ್ಗಗಳಾಗಿ ವಿಂಗಡಿಸಿದ್ದಾರೆ. ‘ಎ’ ಅತಿ ಬಿಗಿ. ‘ಜಿ’ಯಲ್ಲಿ ನಿಯಂತ್ರಣ ಗೋಪುರದ ಆಜ್ಞೆಯಿಲ್ಲ. ಅದು ಪೈಲಟ್‌ಗಳ ವ್ಯಾಕರಣ. ಡ್ರೋನ್ ಹಾರಿಸುವವನಿಗೆ ಅಷ್ಟು ತಲೆನೋವು ಬೇಡವೆಂದು ನಮ್ಮ ನಿಯಮ ಟ್ರಾಫಿಕ್ ದೀಪದ ಮೂರು ಬಣ್ಣ ಹಿಡಿದಿದೆ.

ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗೆ ಹಾರಲು ಅನುಮತಿ ಕೇಳಬೇಕಿಲ್ಲ. ಅದೇ ಜಾಗದಲ್ಲಿ 400 ಅಡಿ ದಾಟಿದರೆ ಹಳದಿ. ಅಲ್ಲಿಗೆ ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಅನುಮತಿ ಕೊಡಬೇಕು. ಇಲ್ಲಿ ಗಮನಿಸಬೇಕಾದದ್ದು, ಆಕಾಶದ ಬೇಲಿ ಹೊಲದ ಬೇಲಿಯ ಹಾಗೆ ಅಡ್ಡಲಾಗಿ ಮಾತ್ರ ಇರುವುದಿಲ್ಲ, ಉದ್ದಕ್ಕೂ ಇರುತ್ತದೆ. ಒಂದೇ ತೆಂಗಿನ ತೋಟದ ಮೇಲೆ ಕೆಳಗೆ ಹಸಿರು, ಮೇಲೆ ಹಳದಿ.

ವಿಮಾನ ನಿಲ್ದಾಣದ ಸುತ್ತ ಲೆಕ್ಕ ಬೇರೆ. ನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ 200 ಅಡಿವರೆಗೆ ಮಾತ್ರ ಹಸಿರು. ಅದಕ್ಕಿಂತ ಒಳಗೆ ಬಂದಂತೆ ಹಳದಿ, ಕೊನೆಗೆ ಕೆಂಪು. ಹಿಂದಿನ ನಿಯಮದಲ್ಲಿ ಈ ಹಳದಿ ವೃತ್ತ 45 ಕಿ.ಮೀ.ವರೆಗೂ ಚಾಚಿಕೊಂಡಿತ್ತು. ದೇವನಹಳ್ಳಿಯನ್ನು ನಡುವೆ ಇಟ್ಟು ಅಷ್ಟು ಉದ್ದದ ದಾರ ಸುತ್ತಿದರೆ ದೊಡ್ಡಬಳ್ಳಾಪುರ, ನೆಲಮಂಗಲ ಎರಡೂ ಒಳಗೆ ಬೀಳುತ್ತಿದ್ದವು. ವೃತ್ತ 12 ಕಿ.ಮೀ.ಗೆ ಕುಗ್ಗಿದಾಗ ಆ ಊರುಗಳು ಹೊರಗೆ ಬಂದವು. ವಸಂತನರಸಾಪುರ ದೇವನಹಳ್ಳಿಯಿಂದ 60 ಕಿ.ಮೀ.ಗೂ ಆಚೆ, ಆ ವೃತ್ತ ಹಳೆಯ ಅಳತೆಯಲ್ಲೂ ಇಲ್ಲಿಗೆ ಮುಟ್ಟಿರಲಿಲ್ಲ.

ಹಾಗಾದರೆ ಇಲ್ಲಿ ಯಾವ ಚಿಂತೆಯೂ ಇಲ್ಲವೇ? ಹುಡುಗರು ಎಡವುವುದು ಈ ಮಾತಿನಲ್ಲೇ.

ನೂರು ಅಡಿಯ ಅಂತರ

400 ಅಡಿ ಎಂಬ ಮಿತಿ ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಏರುವ, ಇಳಿಯುವ ಹೊತ್ತು ಬಿಟ್ಟರೆ ಮನುಷ್ಯರಿರುವ ವಿಮಾನಗಳು ಬಯಲಿನ ಮೇಲೂ ಸಾಮಾನ್ಯವಾಗಿ 500 ಅಡಿಗಿಂತ ಕೆಳಗೆ ಬರುವಂತಿಲ್ಲ. ಕೆಳಗಿನವರು 400ಕ್ಕೆ ನಿಂತರೆ, ಮೇಲಿನವರು 500ಕ್ಕೆ ನಿಂತರೆ, ನಡುವೆ ನೂರು ಅಡಿ ಖಾಲಿ ಉಳಿಯುತ್ತದೆ. ಆ ನೂರು ಅಡಿಯೇ ಇಬ್ಬರಿಗೂ ರಕ್ಷೆ.

ಆದರೆ ಎತ್ತರವನ್ನು ಎಲ್ಲಿಂದ ಅಳೆಯಬೇಕು? ಡ್ರೋನಿನ ಪರದೆ ತೋರಿಸುವುದು ಸಾಮಾನ್ಯವಾಗಿ ಅದು ಹೊರಟ ಜಾಗದಿಂದ ಎಷ್ಟು ಮೇಲಿದೆ ಎಂಬುದನ್ನು. ದೇವರಾಯನದುರ್ಗದಂಥ ಬೆಟ್ಟದ ನೆತ್ತಿಯಲ್ಲಿ ನಿಂತು ಹಾರಿಸಿ ಕಣಿವೆಯ ಕಡೆ ಬಿಟ್ಟರೆ ಪರದೆ 50 ಮೀಟರ್ ಎಂದೇ ಹೇಳುತ್ತಿರುತ್ತದೆ. ಕೆಳಗಿನ ನೆಲ ಮಾತ್ರ ನೂರಾರು ಅಡಿ ಜಾರಿ ಹೋಗಿರುತ್ತದೆ. ಹಾರಿಸುವವನು ತಾನು ಹಸಿರಿನಲ್ಲಿದ್ದೇನೆ ಎಂದುಕೊಂಡಿರುತ್ತಾನೆ, ಯಂತ್ರ ಹಳದಿಯಲ್ಲಿರುತ್ತದೆ. ಬೆಟ್ಟ ಕಾಡಿನದಾದರೆ ಅರಣ್ಯ ಇಲಾಖೆಯ ಅಪ್ಪಣೆಯ ಮಾತು ಬೇರೆ.

ಇನ್ನು ಹೆಲಿಕಾಪ್ಟರ್. ಅದರ ಕಸುಬೇ ಕೆಳಗೆ ಹಾರುವುದು, ಎಲ್ಲೆಂದರಲ್ಲಿ ಇಳಿಯುವುದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಕಟ್ಟಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಮೊದಲಿಗೆ ಮೂರು ಟನ್ ವರ್ಗದ ಲಘು ಹೆಲಿಕಾಪ್ಟರ್‌ಗಳಿಗೆಂದು ಕಟ್ಟಿದ ಜಾಗ ಅದು. ಹೆಲಿಕಾಪ್ಟರ್ ಕಟ್ಟುವ ಕಡೆ ಅದನ್ನು ಹಾರಿಸಿ ನೋಡಲೂ ಬೇಕು. ಒಂದು ಕಾಲಕ್ಕೆ ಗರುಡ, ಹದ್ದು ಬಿಟ್ಟರೆ ಬೇರೇನೂ ಕಾಣದ ಗುಬ್ಬಿಯ ಆಕಾಶ ಇನ್ನು ಮುಂದೆ ಹಾಗೇ ಖಾಲಿ ಇರುತ್ತದೆಂದು ಲೆಕ್ಕ ಹಾಕಿಕೊಳ್ಳುವಂತಿಲ್ಲ.

ಸಣ್ಣ ಡ್ರೋನ್ ಏನು ಮಾಡೀತು ಎನ್ನುವವರಿಗೆ ದೂರದ ಒಂದು ಸಂಗತಿ ಹೇಳಬೇಕು. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಹೊತ್ತಿ ಉರಿಯುತ್ತಿತ್ತು. ನೀರು ಸುರಿಯುವ ದೊಡ್ಡ ವಿಮಾನವೊಂದಕ್ಕೆ ಡ್ರೋನ್ ಬಡಿದು ರೆಕ್ಕೆಯಲ್ಲಿ ತೂತು ಬಿತ್ತು. ಬೆಂಕಿ ಆರಿಸಬೇಕಾದ ವಿಮಾನ ದುರಸ್ತಿಗೆ ಹೋಯಿತು. ಬಡಿದದ್ದು ಎಷ್ಟು ಭಾರದ್ದು ಗೊತ್ತೆ? ಕಾಲು ಕಿಲೋಗೂ ಕಡಿಮೆ.

ನಮ್ಮ ನಿಯಮದಲ್ಲಿ 250 ಗ್ರಾಂವರೆಗಿನದು ‘ನ್ಯಾನೋ’. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ವಿಮೆಯೂ ಬೇಡ. ಎರಡು ಕಿಲೋವರೆಗಿನ ‘ಮೈಕ್ರೋ’ವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೂ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ಈ ವಿನಾಯಿತಿ ಕೇಳಿದವರು ಅದನ್ನು ಎಲ್ಲಕ್ಕೂ ಎಳೆದುಕೊಳ್ಳುತ್ತಾರೆ. ಪ್ರಮಾಣಪತ್ರ ಬೇಡವೆಂದರೆ ಕೆಂಪು ವಲಯಕ್ಕೆ ಹೋಗಬಹುದೆಂದು ಅರ್ಥವಲ್ಲ. ಕಾಸು ಪಡೆದು ಮದುವೆ ಚಿತ್ರ ತೆಗೆಯುವುದು ವ್ಯಾಪಾರವೇ ಹೊರತು ಹವ್ಯಾಸವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ತೊಂಬತ್ತಾರು ಗಂಟೆ

ಹಸಿರು ಎಂದು ಒಮ್ಮೆ ನೋಡಿಟ್ಟುಕೊಂಡರೆ ಅದು ಶಾಶ್ವತವೂ ಅಲ್ಲ. ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬೇಕೆಂದಾಗ ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ತುಮಕೂರಿನಂಥ ಜಿಲ್ಲೆಯಲ್ಲಿ ಇದು ಕಡತದಲ್ಲಷ್ಟೇ ಉಳಿಯುವ ಅಧಿಕಾರವಲ್ಲ. 2020ರ ಜನವರಿ 2ರಂದು ಪ್ರಧಾನಿ ಸಿದ್ಧಗಂಗಾ ಮಠಕ್ಕೆ ಬಂದರು. 2023ರಲ್ಲಿ ಗುಬ್ಬಿಗೆ ಬಂದರು. ಚುನಾವಣೆ ಬಂತೆಂದರೆ ಕಾಲೇಜು ಮೈದಾನಗಳೇ ಹೆಲಿಪ್ಯಾಡ್. ಮಂತ್ರಿಗಳ ಪ್ರವಾಸ ಪಂಚಾಂಗ ನೋಡಿ ಬರುವುದಿಲ್ಲ, ಮದುವೆ ಮುಹೂರ್ತ ಪಂಚಾಂಗ ಬಿಟ್ಟು ಹೋಗುವುದಿಲ್ಲ. ಎರಡೂ ಒಂದೇ ದಿನ ಬಿದ್ದರೆ ಬಿಟ್ಟುಕೊಡಬೇಕಾದವನು ಹೆಲಿಕ್ಯಾಮ್ ಹುಡುಗ.

ಅದಕ್ಕೇ ಹಾರಿಸುವ ಮೊದಲು ಪ್ರತಿ ಸಲವೂ ‘ಡಿಜಿಟಲ್ ಸ್ಕೈ’ ಎಂಬ ಸರ್ಕಾರಿ ತಾಣದಲ್ಲಿ ಆ ಜಾಗದ ಸೂಚನೆಗಳನ್ನು ನೋಡಲೇಬೇಕೆಂದು ನಿಯಮ ಹೇಳುತ್ತದೆ. ಮುಂಗಡ ತೆಗೆದುಕೊಂಡ ದಿನ ನೋಡಿದ್ದು ಲಗ್ನದ ದಿನಕ್ಕೆ ನಡೆಯುವುದಿಲ್ಲ. ಡ್ರೋನ್ ತಾನಾಗಿಯೇ ಮೇಲೇರಿತು, ಆದ್ದರಿಂದ ಅಲ್ಲಿ ತಡೆಯಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಯಂತ್ರದೊಳಗಿನ ನಕ್ಷೆ ತಯಾರಕನದು, ಕಾನೂನಿನ ನಕ್ಷೆ ಸರ್ಕಾರದ್ದು. ಅವೆರಡೂ ಹೊಂದಿಕೊಳ್ಳಬೇಕೆಂದೇನಿಲ್ಲ.

ಈ ವ್ಯವಸ್ಥೆಯ ಒಂದು ಕೊರತೆಯನ್ನೂ ಹೇಳದೆ ಇರಲಾಗದು. ತಾತ್ಕಾಲಿಕ ಕೆಂಪು ವಲಯದ ಸುದ್ದಿ ನಕ್ಷೆಯ ತಾಣಕ್ಕೆ ಬಂದರೆ ಸಾಲದು, ಅದು ಕನ್ನಡದಲ್ಲಿ ಹೋಬಳಿಯ ಸ್ಟುಡಿಯೋವರೆಗೆ ತಲುಪಬೇಕು. ನಾಡಕಚೇರಿಯ ಗೋಡೆಗೆ ಒಂದು ಚೀಟಿ ಅಂಟಿಸಿದರೂ ನಡೆದೀತು. ಪಹಣಿ ತಿದ್ದುಪಡಿಗೆ ಅಂಟಿಸುವುದಿಲ್ಲವೇ?

ಹೊಲದ ಮೇಲೆ

ಔಷಧಿ ಹೊಡೆಯುವ ಡ್ರೋನ್‌ಗಳದು ಇನ್ನೊಂದು ಬಗೆ. 2023ರ ನವೆಂಬರ್‌ನಲ್ಲಿ ಶುರುವಾದ ‘ನಮೋ ಡ್ರೋನ್ ದೀದಿ’ ಯೋಜನೆ ದೇಶದ 15 ಸಾವಿರ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಬೆಲೆಯ ಶೇಕಡ 80, ಎಂಟು ಲಕ್ಷ ರೂಪಾಯಿ ಮೀರದಂತೆ, ಸರ್ಕಾರದ್ದು. ಹತ್ತು ಲೀಟರ್ ಔಷಧಿ ಹೊತ್ತ ಈ ಯಂತ್ರ ಬೆಳೆಯ ನೆತ್ತಿಗಿಂತ ಕೆಲವೇ ಅಡಿ ಮೇಲೆ ಹಾರುತ್ತದೆ. 400 ಅಡಿಯ ಮಿತಿ ಇದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ತೂಕದಿಂದ ಇದು ‘ಸ್ಮಾಲ್’ ವರ್ಗ, 2ರಿಂದ 25 ಕಿಲೋ. ಹಾಗಾಗಿ ಪ್ರಮಾಣಪತ್ರ ಬೇಕೇ ಬೇಕು. ವಯಸ್ಸು 18ರಿಂದ 65, ಎಸ್ಸೆಸ್ಸೆಲ್ಸಿ ಪಾಸು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ. ಸಿಕ್ಕ ಪತ್ರ ಹತ್ತು ವರ್ಷ ಚಾಲ್ತಿ.

ಮೇಲೇರಿದ್ದು ಕೆಳಗೆ ಬೀಳುವುದೂ ಉಂಟೆಂಬುದಕ್ಕೆ ನೆರೆಯ ಚಿತ್ರದುರ್ಗ ಜಿಲ್ಲೆಯವರು ಸಾಕ್ಷಿ. ಚಳ್ಳಕೆರೆ ಬಳಿಯ ರಕ್ಷಣಾ ಸಂಶೋಧನಾ ಸಂಸ್ಥೆಯ ಪರೀಕ್ಷಾ ಕೇಂದ್ರದಿಂದ ಹೊರಟ ದೊಡ್ಡ ಮಾನವರಹಿತ ವಿಮಾನವೊಂದು 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯಲ್ಲಿ ಬಿತ್ತು. 2023ರ ಆಗಸ್ಟ್‌ನಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿತ್ತು. ಪರಿಣತರ ಕೈಯಲ್ಲೇ ಹೀಗಾಗುವಾಗ ಬಾಡಿಗೆ ಹೆಲಿಕ್ಯಾಮ್ ಜನರ ತಲೆಯ ಮೇಲೆ ಸುತ್ತುವುದನ್ನು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಮಾಡಬೇಕೆಂಬ ನಿಯಮವೂ ಇದೆ.

ವೃತ್ತಗಳೂ ಒಂದೇ ಕಡೆ ನಿಂತಿರುವುದಿಲ್ಲ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಸೂಚಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿ ಹೋಯಿತು. ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ 2033ರವರೆಗೆ 150 ಕಿ.ಮೀ. ಒಳಗೆ ಪೈಪೋಟಿಗೆ ಇನ್ನೊಂದು ಬರುವಂತಿಲ್ಲ. ಆಮೇಲೆ ಕುಣಿಗಲ್ ರಸ್ತೆಯೇ ಗೆದ್ದರೆ, ಇಂದು ಹಸಿರಾಗಿರುವ ಎಷ್ಟೋ ಹಳ್ಳಿಗಳ ಮೇಲೆ 12 ಕಿ.ಮೀ.ನ ಹೊಸ ಗೆರೆ ಬೀಳುತ್ತದೆ. ನೆಲದ ಬೆಲೆ ಏರುತ್ತದೆಂದು ಕಾಯುತ್ತಿರುವವರಿಗೆ ಆಕಾಶದ ಗೆರೆ ನೆನಪಿರಲಾರದು.

ಸದ್ಯಕ್ಕೆ ವಸಂತನರಸಾಪುರದ ಕಡೆ ಗೃಹಪ್ರವೇಶವೊಂದರಲ್ಲಿ ಹೆಲಿಕ್ಯಾಮ್ ಮೇಲೇರಿದೆ ಎಂದಿಟ್ಟುಕೊಳ್ಳಿ. ನಕ್ಷೆ ನೋಡಿದ್ದಾಗಿದೆ, ಪತ್ರ ಜೇಬಿನಲ್ಲಿದೆ, ಎತ್ತರ 200 ಅಡಿ. ದೂರದಲ್ಲಿ ಫಟಫಟ ಸದ್ದು ಕೇಳುತ್ತದೆ. ಮನುಷ್ಯರಿರುವ ವಿಮಾನಕ್ಕೆ ಯಾವಾಗಲೂ ದಾರಿ ಬಿಡಬೇಕು ಎಂದು ನಿಯಮ ಹೇಳುತ್ತದೆ. ಬಣ್ಣ ಯಾವುದೇ ಇರಲಿ, ಆಗ ಮಾಡಬೇಕಾದದ್ದು ಡ್ರೋನನ್ನು ಕೆಳಗಿಳಿಸುವುದು. ಆದರೆ ಹಾರಿಸುವವನ ಕಣ್ಣು ಪರದೆಯ ಮೇಲೆ. ಪರದೆಯಲ್ಲಿ ಕಾಣುವುದು ಹೊಸ ಮನೆಯ ತಾರಸಿ, ಕಳಶ ಹಿಡಿದ ಮುತ್ತೈದೆಯರು, ಮೇಲೆ ನೋಡಿ ಕೈ ಬೀಸುವ ಮಕ್ಕಳು. ಕಿವಿಯ ತುಂಬ ವಾಲಗ. ಫೋಟೋ ತಂಡದಲ್ಲಿ ಹೇಗೂ ಲೈಟ್ ಹಿಡಿಯುವ ಹುಡುಗನೊಬ್ಬ ಇರುತ್ತಾನೆ. ಡ್ರೋನ್ ಕೆಳಗಿಳಿಯುವವರೆಗೆ ಅವನು ಲೈಟ್ ಪಕ್ಕಕ್ಕಿಟ್ಟು, ವಾಲಗದವರಿಂದ ನಾಲ್ಕು ಮಾರು ದೂರ ನಿಂತು, ಆಕಾಶವನ್ನಷ್ಟೇ ನೋಡುತ್ತಿರಬಹುದು.