ನಾಡಿಯ ಓಟಕ್ಕೆ ಕಾರಣ ಕಾಣದಾಗ

ಬೆಳೆದ ಮನುಷ್ಯನು ಸುಮ್ಮನೆ ಕುಳಿತಿರುವಾಗ ಆತನ ನಾಡಿಯು ನಿಮಿಷಕ್ಕೆ 60ರಿಂದ 100 ಸಲ ಮಿಡಿಯುವುದು ವಾಡಿಕೆ. ಮೆಟ್ಟಿಲು ಹತ್ತಿದಾಗ, ಭಯವಾದಾಗ, ಜ್ವರ ಬಂದಾಗ ಈ ಸಂಖ್ಯೆ ಏರಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಓಡಲಿಲ್ಲ, ಹೆದರಲಿಲ್ಲ, ಮೈ ಬಿಸಿಯಿಲ್ಲ. ಆರಾಮಕುರ್ಚಿಯಲ್ಲಿ ಒರಗಿದ್ದರೂ ನಾಡಿಯು 110, 120 ಎಂದು ಓಡುತ್ತಿದ್ದರೆ? ಎದೆ ಡವಗುಟ್ಟುವುದು, ತಲೆ ಹಗುರಾದಂತಾಗುವುದು, ಸಣ್ಣ ಕೆಲಸಕ್ಕೂ ಆಯಾಸವಾಗುವುದು ಇದರ ಜತೆಗೂಡುತ್ತವೆ. ಈ ತೊಂದರೆಗೆ ಸಿಕ್ಕಿದವರಲ್ಲಿ ಹೆಚ್ಚಿನವರು ತರುಣಿಯರು. ಅವರಿಗೆ ಮನೆಯಲ್ಲಿಯೂ, ಕೆಲವು ವೇಳೆ ವೈದ್ಯಶಾಲೆಯಲ್ಲಿಯೂ ದೊರೆಯುವ ಉತ್ತರವೆಂದರೆ, “ಏನೂ ಇಲ್ಲ, ಬರಿಯ ಯೋಚನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ” ಎಂಬುದು. ಈ ಉತ್ತರ ಸಾಕೇ ಎಂಬುದನ್ನು ವಿಚಾರಮಾಡೋಣ.

ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಗಂಟು ಉಂಟು. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಇಬ್ಬರು ಬ್ರಿಟಿಷ್ ಪಂಡಿತರು 1907ರಲ್ಲಿ ಇದನ್ನು ವರ್ಣಿಸಿದರು. ಇದಕ್ಕೆ ಸೈನಸ್ ಗಂಟು ಎಂದು ಹೆಸರು. ಪ್ರತಿಯೊಂದು ಬಡಿತಕ್ಕೂ ಅಪ್ಪಣೆ ಹೊರಡುವುದು ಇಲ್ಲಿಂದಲೇ. ಯಾವ ನರದ ಹತೋಟಿಯೂ ಇಲ್ಲದಿದ್ದರೆ ಈ ಗಂಟು ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಬೇರೊಬ್ಬರ ಹೃದಯವನ್ನು ಕಸಿಮಾಡಿಸಿಕೊಂಡವರಲ್ಲಿ ಇದು ಪ್ರತ್ಯಕ್ಷವಾಗಿ ಕಾಣುತ್ತದೆ: ನರಗಳ ಸಂಬಂಧ ಕಡಿದುಹೋದ ಆ ಹೃದಯವು ವಿಶ್ರಾಂತಿಯಲ್ಲಿಯೂ 90ರಿಂದ 110ರ ವೇಗದಲ್ಲಿ ನಡೆಯುತ್ತದೆ. ಹಾಗಾದರೆ ನಮ್ಮ ನಾಡಿಯು 70ಕ್ಕೆ ಇಳಿದಿರುವುದು ಹೇಗೆ? ಮಿದುಳಿನಿಂದ ಇಳಿದುಬರುವ ವೇಗಸ್ ಎಂಬ ನರದಿಂದ. ಹೆಸರು ವೇಗಸ್, ಹೃದಯದಲ್ಲಿ ಅದರ ಕೆಲಸ ಮಾತ್ರ ವೇಗವನ್ನು ತಗ್ಗಿಸುವುದು! ಜಟಕಾಬಂಡಿಯ ಕುದುರೆಗೆ ಕಡಿವಾಣವಿದ್ದಂತೆ ಹೃದಯಕ್ಕೆ ಈ ನರ. ಚಾಟಿಯಿದ್ದಂತೆ ಅನುವೇದನಾ ನರಗಳು. ಕಡಿವಾಣ ಸಡಿಲಿದರೂ, ಚಾಟಿ ಬೀಸಿದರೂ, ಕುದುರೆಯೇ ಸ್ವಭಾವತಃ ಚುರುಕಾದರೂ ಬಂಡಿಯ ಓಟ ಹೆಚ್ಚುತ್ತದೆ.

ಆದುದರಿಂದ ವೇಗದ ನಾಡಿಯು ಒಂದು ಲಕ್ಷಣವೇ ಹೊರತು ಅದೇ ರೋಗವಲ್ಲ. ಮೊದಲು ಮಾಡತಕ್ಕದ್ದು ಕಾರಣವನ್ನು ಹುಡುಕುವುದು. ನಮ್ಮಲ್ಲಿ ಬಹು ಸಾಮಾನ್ಯವಾದುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂದಿತು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಶಕ್ತಿ ಕುಂದಿದಾಗ, ಅದೇ ರಕ್ತವನ್ನು ಹೆಚ್ಚು ಸಲ ಸುತ್ತಿಸಿ ಹೃದಯವು ಕೊರತೆಯನ್ನು ತುಂಬಲೆಳಸುತ್ತದೆ. ಎರಡನೆಯದು ಕುತ್ತಿಗೆಯ ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆ. ಡಬ್ಲಿನ್ ನಗರದ ರಾಬರ್ಟ್ ಗ್ರೇವ್ಸ್ ಎಂಬ ವೈದ್ಯನು 1835ರಲ್ಲಿಯೇ ಗಂಟಲಬಾವು ಮತ್ತು ಎದೆಬಡಿತಗಳ ಈ ಜೋಡಿಯನ್ನು ವರ್ಣಿಸಿದ್ದನು. ಇವಲ್ಲದೆ ಮೈಯಲ್ಲಿ ನೀರು ಸಾಲದಿರುವುದು, ಗರ್ಭಧಾರಣೆ, ಒಳಗೇ ಅಡಗಿರುವ ಸೋಂಕು, ರಕ್ತಸ್ರಾವ, ಶ್ವಾಸಕೋಶ ಮತ್ತು ಹೃದಯದ ರೋಗಗಳು, ಅತಿಯಾದ ಕಾಫಿ, ಹೊಗೆಸೊಪ್ಪು, ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್‌ನಂಥ ಮದ್ದುಗಳು ಇವೆಲ್ಲವೂ ಕಾರಣಗಳಾಗಬಲ್ಲುವು. ಮನಸ್ಸಿನ ಕಳವಳವೂ ಕಾರಣವೇ. ಆದರೆ ಅದು ಪಟ್ಟಿಯಲ್ಲಿ ಒಂದು ಮಾತ್ರ. ಓಟವು ಗುಂಡಿ ಒತ್ತಿದಂತೆ ಥಟ್ಟನೆ ಹತ್ತಿ ಥಟ್ಟನೆ ನಿಲ್ಲುವುದಾದರೆ, ಅದು ಬೇರೆ ಜಾತಿಯ ಲಯದೋಷವಾಗಿರಬಹುದು. ಹೃದಯದ ವಿದ್ಯುಲ್ಲೇಖದಿಂದ ಅದು ಗೊತ್ತಾಗುತ್ತದೆ. ಕಾರಣವನ್ನು ಅರಿಯದೆ ನಾಡಿಯನ್ನು ಮಾತ್ರ ತಗ್ಗಿಸಹೊರಟರೆ, ಭಾರವನ್ನು ಹೊತ್ತು ನಡೆಯುತ್ತಿರುವವನ ಕಾಲನ್ನು ಕಟ್ಟಿದಂತಾದೀತು.

ಮಲಗಿದ್ದವರು ಎದ್ದುನಿಂತ ಹತ್ತು ನಿಮಿಷದೊಳಗೆ, ರಕ್ತದೊತ್ತಡ ಇಳಿಯದೆಯೇ, ನಾಡಿಯು 30 ಅಥವಾ ಹೆಚ್ಚು ಏರಿ ಹಾಗೆಯೇ ನಿಲ್ಲುವುದುಂಟು. ಹದಿಹರೆಯದವರಲ್ಲಿ 40 ಏರಬೇಕು. ಇದು ನಿಲುವಿಗೆ ಸಂಬಂಧಿಸಿದ ಬೇರೊಂದು ಬಾಧೆ. ಇದೂ ಅಲ್ಲ, ಮೇಲಿನ ಯಾವುದೂ ಅಲ್ಲ, ಆದರೂ ವಿಶ್ರಾಂತಿಯಲ್ಲಿ ನಾಡಿಯು 100ನ್ನು ಮೀರಿ, ದಿನದ 24 ಗಂಟೆಗಳ ಸರಾಸರಿಯೂ 90ಕ್ಕೆ ಮೇಲ್ಪಟ್ಟು, ಜತೆಗೆ ಬಾಧೆಯೂ ಇದ್ದರೆ, ಆಗ ಮಾತ್ರ ವೈದ್ಯರು ‘ಅಕಾರಣ ಸೈನಸ್ ವೇಗ’ ಎಂಬರ್ಥದ ಹೆಸರನ್ನು ಕೊಡುತ್ತಾರೆ. ಈ ಸರಾಸರಿಯನ್ನು ತಿಳಿಯಲು, ಅಮೆರಿಕದ ನಾರ್ಮನ್ ಹೋಲ್ಟರನ ಹೆಸರಿನಿಂದ ಕರೆಯಲ್ಪಡುವ ಸಣ್ಣ ಯಂತ್ರವನ್ನು ಒಂದು ಹಗಲು ಒಂದು ರಾತ್ರಿ ಮೈಮೇಲೆ ಧರಿಸಬೇಕಾಗುತ್ತದೆ. ಹೀಗೆ, ಕಾರಣವಿಲ್ಲ ಎಂಬ ತೀರ್ಪು ವಿಚಾರಣೆಯ ಕೊನೆಯಲ್ಲಿ ಬರತಕ್ಕದ್ದು.

ಇದು ದೇಹದ್ದೋ ಮನಸ್ಸಿನದೋ ಎಂಬ ಜಗಳ ಹಳೆಯದು. ಅಮೆರಿಕದ ಅಂತರ್ಯುದ್ಧದ ಸಿಪಾಯಿಗಳಲ್ಲಿ ಇಂಥದೇ ಎದೆಬಡಿತವನ್ನು ಕಂಡ ಡಾ ಕೋಸ್ಟ ಎಂಬ ವೈದ್ಯನು 1871ರಲ್ಲಿ ಆ ವಿಷಯವನ್ನು ಪ್ರಕಟಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಮತ್ತೆ ಅದೇ ಪ್ರಶ್ನೆ ಎದ್ದಿತು. ನಾಡಿ ಓಡುವುದರಿಂದಲೇ ಕಳವಳ ಹುಟ್ಟುವುದುಂಟು. ಕಳವಳದಿಂದ ನಾಡಿ ಓಡುವುದೂ ಉಂಟು. ಯಾವುದು ಮೊದಲೆಂದು ಪರೀಕ್ಷಿಸದೆ ಹೇಳುವುದು ನ್ಯಾಯವಲ್ಲ.

ಚಿಕಿತ್ಸೆಯ ಗುರಿ ಸಂಖ್ಯೆಯನ್ನು ಇಳಿಸುವುದಲ್ಲ, ಬಾಧೆಯನ್ನು ಇಳಿಸುವುದು. ಸಾಕಷ್ಟು ನೀರು, ಕಾಫಿಯ ಮಿತಿ, ಒಳ್ಳೆಯ ನಿದ್ರೆ, ಕ್ರಮಕ್ರಮವಾಗಿ ಹೆಚ್ಚಿಸುವ ವ್ಯಾಯಾಮ ಇವು ಮೊದಲ ಮೆಟ್ಟಿಲು. ಸಾಲದಿದ್ದರೆ ಔಷಧಿ. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯು 1960ರ ದಶಕದಲ್ಲಿ ಬಳಕೆಗೆ ತಂದ ಬೀಟಾ ತಡೆಮದ್ದುಗಳು ಚಾಟಿಯ ಏಟನ್ನು ತಡೆಯುತ್ತವೆ; ಕೆಲವರಿಗೆ ಅವುಗಳಿಂದ ಆಯಾಸ ಹೆಚ್ಚುವುದು, ಉಬ್ಬಸದವರಿಗೆ ಅವು ಹೊಂದದಿರಬಹುದು. ಐವಾಬ್ರಡೀನ್ ಎಂಬ ಹೊಸ ಮದ್ದು ನೇರವಾಗಿ ಸೈನಸ್ ಗಂಟನ್ನೇ ನಿಧಾನಗೊಳಿಸುತ್ತದೆ. ಗರ್ಭಿಣಿಯರಿಗೆ ಅದು ಸಲ್ಲದು. ಗಂಟನ್ನೇ ಸುಡುವ ವಿಧಾನವೂ ಉಂಟಾದರೂ, ಅದರಿಂದ ಆಯುಷ್ಯಪರ್ಯಂತ ಕೃತಕ ಮಿಡಿತದ ಯಂತ್ರವನ್ನು ಆಶ್ರಯಿಸಬೇಕಾಗಿ ಬರಬಹುದು, ಅವಸರ ಕೂಡದು. ಸಮಾಧಾನದ ಸಂಗತಿಯೆಂದರೆ, ಈ ಅಕಾರಣ ವೇಗವು ಬಹುಮಟ್ಟಿಗೆ ಪ್ರಾಣಾಪಾಯವನ್ನು ತರುವುದಿಲ್ಲ.

ಕೇಳುಗರು ತಾವೇ ಮಾಡಬಹುದಾದ ಕೆಲಸವೊಂದುಂಟು. ಒಂದು ವಾರ, ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಬಳಿ ಎರಡು ಬೆರಳಿಟ್ಟು, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿರಿ. ಎದ್ದುನಿಂತು ಐದು ನಿಮಿಷದ ಮೇಲೆ ಮತ್ತೆ ಎಣಿಸಿರಿ. ಎರಡನ್ನೂ ಬರೆದಿಟ್ಟು, ಸೇವಿಸುವ ಮದ್ದುಗಳ ಪಟ್ಟಿಯೊಡನೆ ವೈದ್ಯರಲ್ಲಿಗೆ ಹೋಗಿರಿ. ಎದೆನೋವು, ಮೂರ್ಛೆ, ಉಸಿರಿನ ಕಷ್ಟ ಇವು ಜತೆಗಿದ್ದರೆ ಮಾತ್ರ ವಾರ ಕಾಯದೆ ಕೂಡಲೆ ಹೋಗತಕ್ಕದ್ದು. ಮನೆಯಲ್ಲಿ ಯಾರಾದರೂ “ಎದೆ ಓಡುತ್ತಿದೆ” ಎಂದರೆ, ಸಮಾಧಾನ ಹೇಳುವ ಮೊದಲು ಅವರ ಕೈಹಿಡಿದು ನಾಡಿಯನ್ನು ಎಣಿಸಿ ನೋಡಿರಿ.