ಹಿಮದ ಗಾಡಿಯ ಮಸಿ ಹಿಡಿದ ಪ್ಲಗ್ಗು

ಸ್ನೋಮೊಬೈಲಿನ ಎಂಜಿನ್ ಅಳತೆ ಮೀರಿ ಪೆಟ್ರೋಲ್ ಕುಡಿಯತೊಡಗಿದರೆ ಅದು ಮೊದಲು ಗೊತ್ತಾಗುವುದು ಕಿವಿಗೆ. ಸ್ಲೋನಲ್ಲಿ ಒಂದೇ ಸಮನೆ ಟರಗುಟ್ಟಬೇಕಾದ ಟು-ಸ್ಟ್ರೋಕ್ ಎಂಜಿನ್ ಗಂಟಲಲ್ಲಿ ಕಫ ಕಟ್ಟಿದಂತೆ ಗೊರಗುಟ್ಟುತ್ತದೆ, ನಡುನಡುವೆ ಒಂದೊಂದು ಹೊಡೆತ ನುಂಗುತ್ತದೆ. ಥ್ರಾಟಲ್ ಕೊಟ್ಟರೆ ತಡವರಿಸಿ, ಹೊಗೆ ಕಾರಿ, ಆಮೇಲೆ ಏರುತ್ತದೆ. ಕೈ ಬಿಟ್ಟರೆ ಆಫ್. ಬಿಸಿ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹಗ್ಗ ಎಳೆದೆಳೆದು ತೋಳು ಸೋಲುತ್ತದೆ. ಪ್ಲಗ್ಗು ಬಿಚ್ಚಿದರೆ ತುದಿ ಒದ್ದೆ, ಮೈತುಂಬ ಮಸಿ. ಹದವಾಗಿ ಉರಿಯುವ ಎಂಜಿನ್ನಿನ ಪ್ಲಗ್ಗು ಹಾಲು ಬೆರೆತ ಕಾಫಿಯ ಬಣ್ಣದಲ್ಲಿರುತ್ತದೆ. ಬೂದಿಯಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಯೆಜ್ಡಿ, ಆರ್‌ಎಕ್ಸ್ 100 ಓಡಿಸಿದವರಿಗೆ ಇದ್ಯಾವುದೂ ಹೊಸತಲ್ಲ. ಆರ್‌ಎಕ್ಸ್‌ನಲ್ಲಿದ್ದ ಮಿಕುನಿ ಕಾರ್ಬುರೇಟರಿನ ದೊಡ್ಡಣ್ಣಂದಿರೇ ಹಳೆಯ ಸ್ನೋಮೊಬೈಲುಗಳಲ್ಲೂ ಕೂತಿರುತ್ತಾರೆ.

ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಟ್ರ್ಯಾಕ್ ಇರುವ ಈ ಗಾಡಿಯನ್ನು ಮನೆಮನೆಗೆ ಮುಟ್ಟಿಸಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ. 1934ರ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿ, ಆಸ್ಪತ್ರೆ ಸೇರಿಸಲಾಗದೆ ಅವರು ಪುಟ್ಟ ಮಗನನ್ನು ಕಳೆದುಕೊಂಡರು. ಅವರ ಸ್ಕಿ-ಡೂ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅಂಥ ಚಳಿಯಲ್ಲಿ ಊರಿಂದ ದೂರ ಎಂಜಿನ್ ಕೈಕೊಟ್ಟರೆ ಜೀವಕ್ಕೇ ಸಂಚಕಾರ. ಟು-ಸ್ಟ್ರೋಕಿನಲ್ಲಿ ಪೆಟ್ರೋಲ್ ಹೆಚ್ಚಾದರೆ ಪ್ಲಗ್ಗು ಕೆಡುತ್ತದೆ, ಕಡಿಮೆಯಾದರೆ ಪಿಸ್ಟನ್ನಿಗೇ ತೂತು ಬೀಳುತ್ತದೆ. ಹೀಗಾಗಿ ಕಾರ್ಖಾನೆಯವರು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳನ್ನು ಒಂದು ಕೈ ಮುಂದಾಗಿಯೇ, ಕೊರೆಯುವ ಚಳಿಗೆ ಹೊಂದುವಂತೆ ಕೂರಿಸಿರುತ್ತಾರೆ.

ಚಳಿಗೂ ಪೆಟ್ರೋಲಿಗೂ ಏನು ಸಂಬಂಧವೆಂದರೆ, ಗಾಳಿ ತಣ್ಣಗಾದಷ್ಟೂ ದಟ್ಟವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ ಮೈನಸ್ 30ರ ಗಾಳಿ ಸುಮಾರು ಶೇ 20ರಷ್ಟು ಹೆಚ್ಚು ದಟ್ಟ. ಅದಕ್ಕೆ ತಕ್ಕಷ್ಟು ಪೆಟ್ರೋಲೂ ಬೇಕು. ಚಳಿಗಾಲದ ನಡುವೆ ಒಂದು ವಾರ ಬಿಸಿಲು ಬಿದ್ದರೆ ಅದೇ ಜೆಟ್ ಅತಿಯಾಗುತ್ತದೆ. ಎತ್ತರವೂ ಹೀಗೆಯೇ: 3,000 ಮೀಟರ್ ಮೇಲೆ ಗಾಳಿ ಸಮುದ್ರಮಟ್ಟದ್ದಕ್ಕಿಂತ ಕಾಲು ಭಾಗ ತೆಳು. ಪ್ರವಾಸಿಗರು ಈ ಗಾಡಿ ಹತ್ತುವ ಗುಲ್ಮಾರ್ಗ್ ಇರುವುದೇ 2,600 ಮೀಟರಿಗಿಂತ ಮೇಲೆ. ಬಯಲಿನ ಜೆಟ್ ಹಾಕಿದ ಗಾಡಿಯನ್ನು ಅಲ್ಲಿಗೆ ಒಯ್ದರೆ ಅದು ಗೊರಗುಟ್ಟುವುದು ಸಹಜವೇ, ಅದನ್ನು ಕೆಟ್ಟಿದೆ ಎನ್ನಲಾಗದು.

ಹವೆ ಬದಲಾಗಿಲ್ಲ, ಊರು ಬದಲಾಗಿಲ್ಲ, ಕಳೆದ ವರ್ಷ ಇದೇ ಜೆಟ್‌ನಲ್ಲಿ ಚೆನ್ನಾಗಿ ಓಡಿತ್ತು ಎಂದಾದರೆ ಜೆಟ್ ಮುಟ್ಟುವ ಮಾತೇ ಇಲ್ಲ. ದೋಷ ಬೇರೆಡೆ ಇರುತ್ತದೆ. ಅನುಭವಿಗಳು ಮೊದಲು ಬಿಚ್ಚುವುದು ಏರ್‌ಬಾಕ್ಸನ್ನು. ಹಿಮದಲ್ಲಿ ಧೂಳಿಲ್ಲದ ಕಾರಣ ಈ ಗಾಡಿಗಳಲ್ಲಿ ಬೈಕಿನಂಥ ಏರ್ ಫಿಲ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಸ್ಪಂಜೋ ಜಾಲರಿಯೋ ಇದ್ದರೆ ಹೆಚ್ಚು. ಬೇಸಿಗೆ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯ ಏರ್‌ಬಾಕ್ಸ್ ಇಲಿಗೆ ಹೇಳಿ ಮಾಡಿಸಿದ ಬಾಣಂತಿಕೋಣೆ. ಸೀಟಿನಿಂದ ಕಿತ್ತು ತಂದ ಸ್ಪಂಜು, ಒಣಹುಲ್ಲು, ಬಟ್ಟೆಯ ಎಳೆ ಹಿಡಿಗಟ್ಟಲೆ ಸಿಗುವುದುಂಟು. ಪೆಟ್ರೋಲ್ ಹೆಚ್ಚಾಗಿರುವುದಿಲ್ಲ, ಗಾಳಿ ಕಡಿಮೆಯಾಗಿರುತ್ತದೆ, ಅಷ್ಟೇ.

ಆಮೇಲಿನದು ಚೋಕ್. ಮಿಕುನಿಯ ಚೋಕ್ ಎಂದರೆ ಗಾಳಿ ಮುಚ್ಚುವ ತಟ್ಟೆಯಲ್ಲ, ಹೆಚ್ಚುವರಿ ಪೆಟ್ರೋಲಿಗೆ ತೆರೆಯುವ ಬೇರೆಯದೇ ಸಣ್ಣ ದಾರಿ. ಅದನ್ನು ಮುಚ್ಚಿ ಕೂರುವುದು ಹಿತ್ತಾಳೆಯ ಪುಟ್ಟ ಪ್ಲಂಜರ್, ಅದರ ಬುಡದಲ್ಲಿ ಬಟಾಣಿಯಷ್ಟು ರಬ್ಬರ್. ಆ ರಬ್ಬರಿನಲ್ಲಿ ಉಂಗುರದಂತೆ ಹಳ್ಳ ಬಿದ್ದರೆ, ಒಂದು ಕಸದ ಕಣ ಸಿಕ್ಕಿಕೊಂಡರೆ, ಇಲ್ಲವೇ ಕೇಬಲ್ಲು ಬಿಗಿಯಾಗಿ ಪ್ಲಂಜರನ್ನು ಕೂದಲೆಳೆಯಷ್ಟು ಎತ್ತಿ ಹಿಡಿದರೆ ಸಾಕು, ಸದಾ ಅರ್ಧ ಚೋಕ್ ಹಾಕಿದಂತೆಯೇ. ಥ್ರಾಟಲ್ ಮುಚ್ಚಿದ್ದಾಗ ಎಂಜಿನ್ನಿನ ಎಳೆತ ಜೋರಾಗಿರುವುದರಿಂದ ಈ ಸೋರಿಕೆ ಸ್ಲೋನಲ್ಲೇ ಹೆಚ್ಚು ಕಾಡುತ್ತದೆ. ಲಿವರಿನಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಇರಲೇಬೇಕು.

ಫ್ಲೋಟ್ ನೀಡಲ್ ಸವೆದು ಓವರ್‌ಫ್ಲೋ ಆಗುವ ಸಂಗತಿ ನಮ್ಮ ಬೈಕುಗಳದ್ದೇ, ವಿವರಿಸಬೇಕಿಲ್ಲ. ಆದರೆ ಪೆಟ್ರೋಲ್ ಪಂಪಿನ ಆಟ ಈ ಗಾಡಿಯ ವಿಶೇಷ. ಟ್ಯಾಂಕು ಕಾರ್ಬುರೇಟರಿಗಿಂತ ಎತ್ತರದಲ್ಲಿ ಇರಲೇಬೇಕೆಂದಿಲ್ಲವಾದ್ದರಿಂದ, ಕ್ರ್ಯಾಂಕ್‌ಕೇಸಿನ ಉಸಿರಾಟದ ಒತ್ತಡವನ್ನೇ ಸಣ್ಣ ಕೊಳವೆಯಲ್ಲಿ ತಂದು ಪಂಪಿನ ಪೊರೆಯನ್ನು ಬಡಿಸುತ್ತಾರೆ. ಪೊರೆ ಹರಿದರೆ ಪೆಟ್ರೋಲ್ ಅದೇ ಕೊಳವೆಯಲ್ಲಿ ನೇರ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಕಾರ್ಬುರೇಟರನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಎರಡು ಸಿಲಿಂಡರಿನಲ್ಲಿ ಒಂದರ ಪ್ಲಗ್ಗು ಕಂದು, ಇನ್ನೊಂದರದ್ದು ಮಸಿ ಎಂದಾದರೆ ಮೊದಲು ಈ ಕೊಳವೆ ಕಿತ್ತು ನೋಡಬೇಕು. ಒಳಗೆ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಳ್ಳ ಸಿಕ್ಕಂತೆ.

ಹೊಗೆ ಕಂಡೊಡನೆ ಆಯಿಲ್ ಪಂಪನ್ನು ಕಡಿಮೆ ಮಾಡುವ ಬುದ್ಧಿವಂತರೂ ಇದ್ದಾರೆ. ಬೇರಿಂಗು, ಪಿಸ್ಟನ್ ಬದುಕುವುದೇ ಆ ಆಯಿಲಿನಿಂದ. ತಯಾರಕರ ಗುರುತಿಗೆ ಸರಿಹೊಂದಿಸಿ ಬಿಟ್ಟುಬಿಡುವುದು ಮೇಲು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಪೈಲಟ್ ಜೆಟ್. ಹಳೆಯ ಪೆಟ್ರೋಲ್ ಅಂಟಾಗಿ ಅದರ ಸೂಜಿಮೊನೆ ತೂತು ಕಟ್ಟಿಕೊಂಡರೆ ಸ್ಲೋನಲ್ಲಿ ಪೆಟ್ರೋಲ್ ಸಾಲದು. ಗಾಡಿ ನಿಲ್ಲದಿರಲೆಂದು ಸವಾರ ಅರ್ಧ ಚೋಕ್‌ನಲ್ಲೇ ಓಡಿಸುತ್ತಾನೆ. ಪ್ಲಗ್ಗು ಮಸಿಯಾಗುತ್ತದೆ, ಎಲ್ಲರೂ ಪೆಟ್ರೋಲ್ ಜಾಸ್ತಿ ಎನ್ನುತ್ತಾರೆ! ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಬೇಕೇ ಹೊರತು ತಂತಿ ಚುಚ್ಚಬಾರದು. ಮೆತ್ತನೆಯ ಹಿತ್ತಾಳೆಯ ತೂತು ದೊಡ್ಡದಾದರೆ ಇಲ್ಲದ ರೋಗವನ್ನು ತಂದುಕೊಂಡಂತೆ.

ಇಷ್ಟಾದ ಮೇಲೆ ಟ್ಯೂನಿಂಗ್. ಎರಡು ಕಾರ್ಬುರೇಟರಿದ್ದರೆ ಎರಡೂ ಸ್ಲೈಡ್‌ಗಳ ಕೆಳಗೆ ಒಂದೇ ಅಳತೆಯ ಡ್ರಿಲ್ ಬಿಟ್ಟಿನ ಹಿಡಿ ತೂರಿಸಿ ಎತ್ತರ ಸಮ ಮಾಡುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುವುತ್ತ ಎಂಜಿನ್ ತಾನಾಗಿ ಚುರುಕಾಗುವ ಜಾಗ ಹುಡುಕಬೇಕು. ಮಿಕುನಿಯಲ್ಲಿ ಹೊರಕ್ಕೆ ತಿರುವಿದರೆ ಗಾಳಿ ಹೆಚ್ಚು, ಒಳಕ್ಕೆ ತಿರುವಿದರೆ ಪೆಟ್ರೋಲ್ ಹೆಚ್ಚು. ಕೊನೆಗೆ ಐಡ್ಲಿಂಗ್ ಸ್ಕ್ರೂ. ಅಷ್ಟಾದರೂ ಸ್ಲೋನಲ್ಲಿ ತಿಣುಕಿದರೆ ಡ್ರೈವ್ ಬೆಲ್ಟ್ ಬಿಗಿಯಾಗಿ ಕ್ಲಚ್ಚನ್ನು ಎಳೆಯುತ್ತಿರಬಹುದು.

ಇಂಜೆಕ್ಷನ್ ಬಂದ ಹೊಸ ಗಾಡಿಗಳಲ್ಲಿ ಜೆಟ್ಟೂ ಇಲ್ಲ, ಚೋಕೂ ಇಲ್ಲ; ಹವೆ, ಎತ್ತರ ನೋಡಿ ಕಂಪ್ಯೂಟರೇ ಪೆಟ್ರೋಲ್ ಅಳೆಯುತ್ತದೆ. ಆದರೆ ಎಂಜಿನ್ನಿನ ಬಿಸಿ ತಿಳಿಸುವ ಸೆನ್ಸರ್ ಹಾಳಾದರೆ, ಕುದಿಯುವ ಎಂಜಿನ್ನನ್ನೂ ಅದು ಆಗಷ್ಟೇ ಸ್ಟಾರ್ಟ್ ಆದ ತಣ್ಣನೆಯ ಎಂಜಿನ್ ಎಂದುಕೊಂಡು ಪೆಟ್ರೋಲ್ ಸುರಿಯಬಹುದು. ಆಗ ಮೀಟರ್ ಹಿಡಿದು ಸೆನ್ಸರಿನ ರೆಸಿಸ್ಟೆನ್ಸ್ ಅಳೆದು, ತಯಾರಕರ ಪುಸ್ತಕದ ಅಂಕಿಯೊಂದಿಗೆ ಹೋಲಿಸಬೇಕು.